ಗುಲಾಬತ್ತೆಯ ಪಾಲು

ಸೂಜಿಮನೆ, ಮೇಲ್ಕೋಡಿ
ಸೂಜಿಶಕೆ ಇನ್ನೂರ ಆರು, ಶ್ರಾವಣದ ಮೂರನೆಯ ಹನ್ನೊಂದು

ಹಿಂದಿನ ಕಾಲದಲ್ಲಿರುವ ಹಿರಿಯರೆಲ್ಲರಿಗೆ, ನಿಮ್ಮ ಪಾಲಿಗೆ ಇನ್ನೂ ಹುಟ್ಟಿರದ ಒಬ್ಬಳ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ನೀವು ಹುಬ್ಬೇರಿಸುವುದು ಸಹಜ. ಒಂದೇ ತಿಂಗಳಲ್ಲಿ ಹನ್ನೊಂದನೆಯ ತಾರೀಕು ಮೂರು ಸಲ ಬರುವುದುಂಟೇ ಎಂದು ಕೇಳಬಹುದು. ನಮ್ಮಲ್ಲಿ ಬರುತ್ತದೆ. ಭೂಮಿಯ ಕಾಂತಶಕ್ತಿ ಕದಡಿ ದೋಣಿಗಳು ದಡ ಬಿಡಲಾಗದ ದಿನವನ್ನು ನಾವು ಕಲಕು ಎನ್ನುತ್ತೇವೆ. ಕಲಕು ಬಿದ್ದ ದಿನ ಕಡಲ ಕೆಲಸವಿಲ್ಲ, ಶಾಲೆಯಿಲ್ಲ, ಸಂತೆಯಿಲ್ಲ. ಹಾಗಾಗಿ ಆ ತಾರೀಕು ಖರ್ಚಾಯಿತೆಂದು ನಾವು ಒಪ್ಪುವುದಿಲ್ಲ, ಮರುದಿನಕ್ಕೂ ಅದನ್ನೇ ಇಟ್ಟುಕೊಳ್ಳುತ್ತೇವೆ. ಮೊನ್ನೆ ಹನ್ನೊಂದು, ನಿನ್ನೆಯೂ ಹನ್ನೊಂದು, ಇವತ್ತು ಸೂಜಿ ಶಾಂತವಾಗಿದ್ದರೂ ಹನ್ನೊಂದೇ. ಹುಟ್ಟುಹಬ್ಬವಿರುವ ಮಕ್ಕಳಿಗೆ ಇದರಿಂದ ಬಹಳ ಲಾಭ. ಪಾಯಸ ಮಾಡುವವರಿಗೆ ಅಷ್ಟೇ ರಗಳೆ. ಈ ಪತ್ರದಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಬರಲಿವೆ. ನಿಮ್ಮ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು, ಬಾಯಲ್ಲಿ ಆಡಿದವಳಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಂದೆಯ ತಂಗಿ ಗುಲಾಬತ್ತೆ ತೀರಿಕೊಂಡಿದ್ದಾಳೆ. ಇವತ್ತು ಅವಳ ಬೊಜ್ಜ, ಅಂದರೆ ಉತ್ತರಕ್ರಿಯೆಯ ದಿನ. ಬೊಜ್ಜದ ಊಟ ಮುಗಿದ ಮೇಲೆ ಮನೆಯವರೊಬ್ಬರು ಹಿಂದೋಲೆ ಬರೆಯುವುದು ನಮ್ಮ ಕಡೆಯ ಪದ್ಧತಿ. ಸತ್ತವರು ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೋಗುತ್ತಾರೆ, ಈಗಾಗಲೇ ಬಾಳಿದವರ ನಡುವೆ ಸೇರಿಕೊಳ್ಳುತ್ತಾರೆ ಎಂದು ನಾವು ನಂಬಿದ್ದೇವೆ. ಹೊಸ ಜಾಗಕ್ಕೆ ಹೋದವರನ್ನು ಪರಿಚಯ ಮಾಡಿಕೊಡದೆ ಕಳಿಸುವುದು ಮರ್ಯಾದೆಯಲ್ಲ. ಆದ್ದರಿಂದ ಯಾವ ಕಾಲದವರ ಬಳಿಗೆ ಕಳಿಸುವುದೆಂದು ಮನೆಯವರೇ ಕೂತು ಆರಿಸಿ, ಆ ಕಾಲದವರಿಗೆ ಒಂದು ಪತ್ರ ಬರೆಯುತ್ತಾರೆ. ನನ್ನ ಮಗಳು ಸಂಪಿಯೂ ನಾನೂ ಸೇರಿ ನಿಮ್ಮ ಕಾಲವನ್ನು ಆರಿಸಿದ್ದೇವೆ. ಏಕೆಂದು ಮುಂದೆ ತಿಳಿಯುತ್ತದೆ.

ಮೊದಲು ನಮ್ಮ ಭೂಮಿಯ ಪರಿಸ್ಥಿತಿ ಹೇಳಿಬಿಡುತ್ತೇನೆ, ಇಲ್ಲವಾದರೆ ಉಳಿದದ್ದಕ್ಕೆ ತಲೆಬುಡ ಇರುವುದಿಲ್ಲ. ನಿಮ್ಮ ಕಾಲದಲ್ಲಿ ಭೂಮಿಗೆ ಗಟ್ಟಿಮುಟ್ಟಾದ ಕಾಂತಶಕ್ತಿ ಇತ್ತು. ದಿಕ್ಸೂಚಿಯ ಮುಳ್ಳು ಬೆಳಗಿನಿಂದ ಸಂಜೆಯೊಳಗೆ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತಿತ್ತಂತೆ. ಅದನ್ನೇ ಅಳೆದು ಕೂತ ಕೆಲವು ಪುಣ್ಯಾತ್ಮರನ್ನು ಬಿಟ್ಟರೆ ಬೇರೆ ಯಾರಿಗೂ ಅದರ ಗೊಡವೆ ಇರಲಿಲ್ಲ. ನಮ್ಮ ಕಾಲಕ್ಕೆ ಆ ಶಕ್ತಿ ಹತ್ತರಲ್ಲೊಂದಕ್ಕೆ ಇಳಿದಿದೆ. ಆದ್ದರಿಂದ ನಿಮಗೆ ಕೂದಲೆಳೆಯಾಗಿದ್ದ ಅಲುಗಾಟ ನಮಗೆ ದಾರಿ ತಪ್ಪಿಸುವಷ್ಟು ದೊಡ್ಡದು. ದಿಕ್ಕು ತೋರಿಸುತ್ತಿದ್ದ ನಿಮ್ಮ ಉಪಗ್ರಹಗಳು ಸೂರ್ಯನ ಹೊಡೆತ ತಾಳಲಾರದೆ ಒಂದೊಂದಾಗಿ ಕಣ್ಣು ಮುಚ್ಚಿದವು. ಕಡಲು ಏರಿ ಕೋಡಿಯೆಂಬ ಹಳೆಯ ಊರನ್ನೂ ಅದರ ಸುತ್ತಿನ ಊರುಗಳನ್ನೂ ನುಂಗಿತು. ನಿಮ್ಮ ಮನೆಗಳ ತಾರಸಿಗಳು, ನೀರಿನ ಟ್ಯಾಂಕುಗಳು ಈಗ ಅಳಿವೆಯ ಬಾಯಲ್ಲಿ ನೀರಿನಡಿ ಕಾದು ಕೂತಿವೆ. ಹೊಳೆ ಕಡಲು ಸೇರುವ ಆ ಜಾಗದಲ್ಲಿ, ಮಳೆಗಾಲದ ಮಬ್ಬಿನಲ್ಲಿ, ಕಿರಿದಾದ ಒಂದೇ ದಾರಿ ಹಿಡಿದು ದೋಣಿಗಳು ಒಳಗೆ ಬರಬೇಕು. ಆಗ ನಮಗೆ ಮತ್ತೆ ಹಳೆಯ ದಿಕ್ಸೂಚಿಯೇ ಗತಿ. ನಿಮ್ಮ ತಾರಸಿಗಳ ಬಗ್ಗೆ ನಮ್ಮ ದೋಣಿಯವರು ಆಡುವ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ.

ಸೂಜಿಮನೆ ಇರುವುದು ಇದಕ್ಕಾಗಿ. ಊರ ನೆಲದಲ್ಲಿ ಅಲ್ಲಲ್ಲಿ ಹೂತಿಟ್ಟ ಸೂಜಿಗಳು ಕಾಂತದ ಒಂದೊಂದು ಮಿಸುಕಾಟವನ್ನೂ ನಮಗೆ ತಿಳಿಸುತ್ತವೆ. ಆದರೆ ಸೂಜಿ ಹೇಳುವುದು ಈ ಗಳಿಗೆಯ ಮಾತು. ದೋಣಿಗೆ ಬೇಕಾದ್ದು ಇನ್ನು ಸ್ವಲ್ಪ ಹೊತ್ತಿನ ಮಾತು. ಅದಕ್ಕಾಗಿ ನಾವು ಪಡಿಸೂಜಿ ಎಂಬ ಲೆಕ್ಕದ ಸೂಜಿಯೊಂದನ್ನು ಸಾಕಿದ್ದೇವೆ. ಅದು ಯಂತ್ರದೊಳಗೆ ಇರುವಂಥದು, ಕೈಗೆ ಸಿಗುವುದಿಲ್ಲ. ನೆಲದ ಸೂಜಿಯ ಅಲುಗಾಟವನ್ನು ಅದು ಪಾಲು ಮಾಡುತ್ತದೆ. ಹೊತ್ತು ಏರಿದಂತೆ ಮೇಲಿನ ಗಾಳಿಯಲ್ಲಿ ವಿದ್ಯುತ್ತು ಹರಿದು ಸೂಜಿ ಓಲುವುದು ಸೂರ್ಯನ ಪಾಲು. ಅದರ ಹಿಂದೆ ಚಿಕ್ಕದಾಗಿ ಚಂದ್ರನ ಪಾಲು. ಉಪ್ಪುನೀರು ಏರಿಳಿಯುವಾಗ ಮೂಡುವ ಅತಿ ಸಣ್ಣ ಎಳೆತ ಕಡಲಿನ ಪಾಲು. ಇವನ್ನೆಲ್ಲ ಕಳೆದ ಮೇಲೂ ಏನಾದರೂ ನಿಧಾನವಾಗಿ ತೂಗಾಡುತ್ತಿದ್ದರೆ ಅದು ಮುನ್ನಡುಕ, ದೊಡ್ಡ ಕಲಕು ಹತ್ತಿರ ಬಂದಿದೆ ಎಂಬ ಸೂಚನೆ. ಆಗ ತಕ್ಷಣ ರೇಡಿಯೋದಲ್ಲಿ ದೋಣಿಗಳನ್ನು ಕರೆಯಬೇಕು, ಏಕೆಂದರೆ ಕಲಕು ಪೂರ್ತಿ ಬಂದ ಮೇಲೆ ರೇಡಿಯೋವೂ ಸತ್ತುಹೋಗುತ್ತದೆ. ಉಳಿದ ಹೊತ್ತಿನಲ್ಲಿ ತಿದ್ದು ಹೇಳುತ್ತಿರುತ್ತೇವೆ, ಅಂದರೆ ಮುಳ್ಳು ಈಗ ಎಷ್ಟು ಸುಳ್ಳು ಹೇಳುತ್ತಿದೆ, ಎಷ್ಟು ಎಡಕ್ಕೋ ಬಲಕ್ಕೋ ತಿದ್ದಿಕೊಳ್ಳಬೇಕು ಎಂದು. ನಾನು ಈ ಪಡಿಸೂಜಿಯನ್ನು ನೋಡಿಕೊಳ್ಳುವವಳು. ನನಗೂ ಮೊದಲಿನಿಂದ ಇಲ್ಲಿರುವವರು ಸೂಜಿಮನೆಯ ಮುಖ್ಯಸ್ಥರಾದ ಹೆರಿಯಣ್ಣ.

ಸೂಜಿ ಇರುವ ಊರಿನಲ್ಲಿ ಕಬ್ಬಿಣ ಇರಬಾರದು. ಇದೊಂದು ಮಾತಿನಿಂದ ನಮ್ಮ ಬದುಕೆಲ್ಲ ಹೇಗಿದೆಯೆಂದು ನೀವೇ ಊಹಿಸಿಕೊಳ್ಳಬಹುದು. ದೋಸೆ ಹೊಯ್ಯುವುದು ಬಳಪದ ಕಲ್ಲಿನ ಮೇಲೆ. ಮೊದಲನೆಯದು ಎಂದೂ ಏಳುವುದಿಲ್ಲ, ಎರಡನೆಯದು ಎಷ್ಟು ಚೆನ್ನಾಗಿ ಏಳುತ್ತದೆಂದರೆ ಮೊದಲನೆಯದನ್ನು ಮರೆತುಬಿಡುತ್ತೇವೆ. ಕಾಯಿ ತುರಿಯುವ ಮಣೆಗೆ ಕಂಚಿನ ಹಲ್ಲು, ಬಾಗಿಲಿಗೆ ಮರದ ಗೂಟ, ಸೀರೆಗೆ ಪಿನ್ನಿನ ಬದಲು ಗಂಟು. ಊರ ಬಾಯಲ್ಲಿ ಕಬ್ಬಿಣದ ಕಟ್ಟೆ ಎಂಬುದಿದೆ. ಹೊರಗಿನಿಂದ ಬಂದವರು ಚಾಕು, ಬೀಗದಕೈ, ಸೈಕಲ್ಲು ಎಲ್ಲವನ್ನೂ ಅಲ್ಲಿ ಇಟ್ಟು ಒಳಗೆ ಬರಬೇಕು. ಕಟ್ಟೆಯವನು ದಾರದಲ್ಲಿ ತೂಗಿಬಿಟ್ಟ ಪುಟ್ಟ ಸೂಜಿಯೊಂದನ್ನು ಅವರ ಮೈಗುಂಟ ಸವರಿ ನೋಡಿ, ಅದು ತಿರುಗದಿದ್ದರೆ ಒಳಗೆ ಬಿಡುತ್ತಾನೆ. ಮದುವೆಯ ದಿಬ್ಬಣವಾದರೂ ಇದಕ್ಕೆ ಹೊರತಲ್ಲ.

ಗುಲಾಬತ್ತೆ ನನ್ನನ್ನು ಸಾಕಿದವಳು. ಅಮ್ಮ ದೋಣಿಯ ಮೇಲೆ ಇರುತ್ತಿದ್ದದ್ದೇ ಹೆಚ್ಚು. ನನ್ನ ತಲೆ ಬಾಚಿದವಳು, ಲೆಕ್ಕ ತಪ್ಪಿದಾಗ ಕಿವಿ ಹಿಂಡಿದವಳು, ಆಮೇಲೆ ತಾನೇ ಪಶ್ಚಾತ್ತಾಪಪಟ್ಟು ಹುರಿದ ಬಂಗುಡೆ ಮೀನಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದವಳು ಅವಳೇ. ನಮ್ಮ ಮನೆಗೂ ಸೂಜಿಮನೆಗೂ ಒಂದೇ ಅಂಗಳ. ಆ ಅಂಗಳದಲ್ಲಿ ಅವಳ ದನಿ ಕೇಳದ ಹೊತ್ತು ಇರಲಿಲ್ಲ. ನಾನು ಸೂಜಿಮನೆಗೆ ಕೆಲಸಕ್ಕೆ ಸೇರಿದ ವರ್ಷ ಅವಳು ಮೀನು ಒಣಗಿಸುವ ಅಟ್ಟದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಘಟ್ಟದ ಮೇಲಿನ ಆಸ್ಪತ್ರೆಗೆ ಹೊತ್ತೊಯ್ದೆವು. ಅಲ್ಲಿ ತೊಡೆಯೊಳಗೆ ಒಂದು ಸರಳು ಇಟ್ಟು ಮೂಳೆ ಕೂಡಿಸಿದರು. ಉಕ್ಕಿನ ಸರಳು, ಅವರಲ್ಲಿದ್ದದ್ದು ಅದೇ, ಅದಿಲ್ಲದಿದ್ದರೆ ಕಾಲು ಹೋಗುತ್ತಿತ್ತು. ಮಳೆ ಮುಗಿಯುವ ಹೊತ್ತಿಗೆ ಅವಳು ಕೋಲೂರಿಕೊಂಡು, ಎಡಗಾಲು ಎಳೆದುಕೊಂಡು ಊರಿಗೆ ಬಂದಳು. ಕಟ್ಟೆಯವನು ಸವರಿದ ಸೂಜಿ ಸೊಂಟದ ಕೆಳಗೆ ಬಂದದ್ದೇ ಗಿರ್ರನೆ ತಿರುಗಿತು. ಗುಲಾಬತ್ತೆ ನಗಾಡಿದಳು. "ಇದನ್ನ ಎಲ್ಲಿ ತೆಗ್ದಿಡ್ಲಿ ಮಾರಾಯಾ? ನೀನೇ ಹೇಳ್!" ಎಂದಳು. ಅವನು ಸೂಜಿಮನೆಗೆ ಹೇಳಿಕಳಿಸಿದ.

ಪರೀಕ್ಷೆಗೆಂದು ಒಂದು ಬೆಳಗ್ಗೆ ಅವಳನ್ನು ಮನೆಯ ಅಂಗಳದವರೆಗೆ ಬಿಟ್ಟು ನೋಡಿದರು. ಕಾಲೆಳೆದು ನಡೆಯುವ ಅವಳ ನಡಿಗೆಗೆ ಒಂದು ತೂಗಾಟವಿತ್ತು. ನೆಲದ ಸೂಜಿಯ ಮೇಲೆ ಅದು ಥೇಟ್ ಮುನ್ನಡುಕದಂತೆಯೇ ಬಿತ್ತು. ಅವಳದೋ ಭೂಮಿಯದೋ ಎಂದು ಬೇರ್ಪಡಿಸಲಾಗದೆ ದೋಣಿಗಳನ್ನು ಕರೆಯಬೇಕಾಯಿತು, ಅವು ಬರಿಗೈಯಲ್ಲಿ ಹಿಂದಿರುಗಿದವು. ಅಲ್ಲಿಗೆ ತೀರ್ಮಾನವಾಯಿತು. ಕಟ್ಟೆಯ ಆಚೆ ಬಲೆ ಇಡುವ ಒಂದು ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಅಲ್ಲಿಂದ ನಮ್ಮ ಮನೆಯ ಹಂಚಿನ ಮಾಡು ಕಾಣುತ್ತಿತ್ತು. ದಿನಾ ನಾನು ಊಟ ಒಯ್ಯುತ್ತಿದ್ದೆ. ಸಾರಿಗೆ ಉಪ್ಪು ಸಾಲದು, ಒಲೆ ಮುಂದೆ ಕೂತವರು ಯಾರೆಂದು ಬೈಯುತ್ತಿದ್ದಳು. ಬೈದು ಮುಗಿದ ಮೇಲೆ ಮಾಡಿನ ಕಡೆ ನೋಡುತ್ತ ಕೂರುತ್ತಿದ್ದಳು. ಜೋರು ಬಾಯಿಯ ಹೆಂಗಸು ಸುಮ್ಮನೆ ಕೂತರೆ ನೋಡಲಾಗುವುದಿಲ್ಲ. ಒಂದು ದಿನ ತಡೆಯಲಾರದೆ ಹೆರಿಯಣ್ಣನವರ ಮುಂದೆ ಹೋಗಿ ನಿಂತೆ. ಸೂರ್ಯನನ್ನು ಊರಿಂದ ಹೊರಗೆ ಹಾಕಿದ್ದೇವೆಯೇ, ಕಡಲನ್ನು ಹಾಕಿದ್ದೇವೆಯೇ, ಅವುಗಳ ಪಾಲು ತಿಳಿದುಕೊಂಡು ಕಳೆಯುತ್ತಿಲ್ಲವೇ, ಹಾಗೆಯೇ ಅತ್ತೆಯ ಪಾಲನ್ನೂ ತಿಳಿದುಕೊಳ್ಳೋಣ ಎಂದೆ. ಅವರು ಗಡ್ಡ ಕೆರೆದುಕೊಂಡರು. ಚಂದ್ರನಿಗಿಂತ ಗುಲಾಬಕ್ಕನ ಲೆಕ್ಕ ಕಷ್ಟ ಎಂದರು. ಆದರೆ ಬೇಡ ಎನ್ನಲಿಲ್ಲ.

ಹೀಗೆ ಅತ್ತೆ ಪಡಿಸೂಜಿಯೊಳಗೆ ಸೇರುವ ಕೆಲಸ ಶುರುವಾಯಿತು. ದೋಣಿಗಳು ಕಡಲಿಗೆ ಇಳಿಯದ ಕಾಲ ನೋಡಿಕೊಂಡು ಅವಳನ್ನು ಅಂಗಳದಲ್ಲಿ ನಡೆಸಿದೆವು. ನಿಧಾನವಾಗಿ ನಡೆ, ಬೇಗ ನಡೆ, ಬಾವಿಯ ಬಳಿ ನಿಲ್ಲು, ಕುಕ್ಕರಗಾಲಲ್ಲಿ ಕೂರು, ಕೊಡ ಹೊತ್ತು ಬಾ, ಕೊಡ ಇಲ್ಲದೆ ಬಾ. "ಹೆಣ್ಣ್ ಕಾಂಬುಕೆ ಬಂದವ್ರೂ ನನ್ನ ಇಷ್ಟ್ ನಡೆಸಲಿಲ್ಲ!" ಎಂದು ಅವಳು ಗೊಣಗುತ್ತಿದ್ದಳು, ಗೊಣಗುತ್ತಲೇ ಸೆರಗು ಸರಿಮಾಡಿಕೊಂಡು ಮತ್ತೆ ಹೊರಡುತ್ತಿದ್ದಳು. ಅವಳು ಸುಸ್ತಾದಾಗ ಸೂಜಿಯ ಅಲೆ ಅಗಲವಾಗುವುದನ್ನು, ಸಿಟ್ಟಾದಾಗ ಮೊನಚಾಗುವುದನ್ನು ನಾನು ನೋಡಿದ್ದೇನೆ. ಕೊನೆಗೆ ಅವಳು ನಡೆಯುವ ದಾರಿಗೆ ಚಿಪ್ಪುಗಳ ಸಾಲು ಹಾಕಿದೆವು. ಬೆಳಗಿನ ಗಂಜಿಯ ನಂತರ, ಸಂಜೆ ದೀಪ ಹಚ್ಚುವ ಮೊದಲು ಅವಳ ನಡಿಗೆ ಎಂದು ಗೊತ್ತುಮಾಡಿದೆವು. ಬೇರೆ ಹೊತ್ತಿನಲ್ಲಿ ಎದ್ದರೆ ಅವಳು ಸೂಜಿಮನೆಯ ಕಿಟಕಿಗೆ ಕೇಳುವಂತೆ "ಗುಲಾಬಿ ಹೊರಟ್ಲ್!" ಎಂದು ಕೂಗಬೇಕು, ನಾವು ಅವಳ ಪಾಲನ್ನು ಕಳೆಯಬೇಕು. ಆ ಮಾತು ಊರಿಗೆಲ್ಲ ಅಂಟಿಕೊಂಡಿತು. ಈಗಲೂ ನಮ್ಮಲ್ಲಿ ಪಂಕ್ತಿಯಿಂದ ಯಾರಾದರೂ ಬೇಗ ಎದ್ದರೆ ಪಕ್ಕದವರು ಗುಲಾಬಿ ಹೊರಟಳು ಎನ್ನುತ್ತಾರೆ. ಅಂತೂ ಅತ್ತೆ ಮನೆಗೆ ಬಂದಳು. ಪಡಿಸೂಜಿಯ ಪಟ್ಟಿಯಲ್ಲಿ ಸೂರ್ಯ, ಚಂದ್ರ, ಕಡಲು, ಆಮೇಲೆ ಗುಲಾಬಿ. ಅದನ್ನು ಓದಿ ಹೇಳಿದಾಗ ಅವಳು ತಿಂಗಳುಗಟ್ಟಲೆ ಜಂಬ ಕೊಚ್ಚಿಕೊಂಡಳು. ಸಂಪಿ ಹುಟ್ಟಿದ್ದು, ಅವಳ ಮಡಿಲಲ್ಲಿ ಬೆಳೆದದ್ದು, ದೊಡ್ಡವಳಾಗಿ ದೋಣಿ ಹತ್ತಿದ್ದು ಎಲ್ಲ ಆಮೇಲೆ.

ವರ್ಷಗಳು ಕಳೆದಂತೆ ಸೂಜಿಮನೆಯವರೆಲ್ಲ ಸ್ವಲ್ಪ ಸೋಮಾರಿಗಳಾದೆವು. ದಿನವೂ ಅದೇ ಹೊತ್ತಿಗೆ ಅದೇ ನಡಿಗೆ ನೋಡಿ ನೋಡಿ ಪಡಿಸೂಜಿ ಅವಳನ್ನು ಬಾಯಿಪಾಠ ಮಾಡಿಕೊಂಡಿತ್ತು. ಅವಳ ಹೊತ್ತಿನಲ್ಲಿ ತೂಗಾಟ ಕಂಡರೆ ಸಾಕು, ಇದು ಗುಲಾಬಿ ಎಂದು ತಾನೇ ಕಳೆದುಬಿಡುತ್ತಿತ್ತು. ಅದನ್ನು ನಾವು ಯಂತ್ರದ ಜಾಣತನವೆಂದೇ ಮೆಚ್ಚಿಕೊಂಡಿದ್ದೆವು. ಹೀಗಿರುವಾಗ ಒಂದು ಬೆಳಗ್ಗೆ, ಕಡಲ ಮೇಲೆ ಜಿಟಿಜಿಟಿ ಹನಿ, ಎದುರಿನ ದೋಣಿ ಕಾಣದಷ್ಟು ಮಬ್ಬು, ಸಂಪಿಯ ದೋಣಿಯೂ ಸೇರಿದಂತೆ ಊರ ದೋಣಿಗಳೆಲ್ಲ ಹೊರಗಿದ್ದವು. ಗಂಜಿಯ ಹೊತ್ತು ಕಳೆದಿತ್ತು. ಸೂಜಿ ನಿಧಾನವಾಗಿ ತೂಗಿತು. ಪಡಿಸೂಜಿ ಅದನ್ನು ಅತ್ತೆಯ ಪಾಲಿಗೆ ಹಾಕಿ, ಕಡಲು ಶಾಂತ, ತಿದ್ದು ಏನೂ ಇಲ್ಲ ಎಂದಿತು. ನಾನು ಅದನ್ನೇ ರೇಡಿಯೋದಲ್ಲಿ ಹೇಳಿದೆ. ತೂಗಾಟ ಎಂದಿಗಿಂತ ಸ್ವಲ್ಪ ಗಟ್ಟಿಯಾಗಿದ್ದದ್ದನ್ನು ಕಂಡು ಹೆರಿಯಣ್ಣ ತಮಾಷೆಗೆ ಕಿಟಕಿಯಿಂದ ಕೂಗಿದರು: "ಎಂತ ಗುಲಾಬಕ್ಕ, ಇವತ್ ನಡಿಗೆ ಭಾರೀ ಜೋರಿತ್ತಲ್ಲೆ!" ನಮ್ಮ ಮನೆಯ ಒಳಕೋಣೆಯಿಂದ ಅತ್ತೆಯ ಉತ್ತರ ಬಂತು: "ಎಂತ ಜೋರ್? ನಾ ಹಾಸ್ಗಿ ಬಿಟ್ಟ್ ಏಳ್ಲೇ ಇಲ್ಲ, ಚಳಿಜ್ವರ!"

ಅತ್ತೆ ನಡೆಯುತ್ತಿರಲಿಲ್ಲ ಎಂದರೆ ತೂಗುತ್ತಿದ್ದದ್ದು ಭೂಮಿಯ ಕಾಂತವೇ. ಅದು ನಿಜವಾದ ಮುನ್ನಡುಕ, ನಾವದನ್ನು ಮನೆಯವಳ ಹೆಸರಿಗೆ ಬರೆದು ಒರೆಸಿಹಾಕಿದ್ದೆವು. ಹೆರಿಯಣ್ಣ ರೇಡಿಯೋದ ಬಳಿ ಓಡಿದರು. ಎಲ್ಲ ದೋಣಿಗಳೂ ಈಗಿಂದೀಗಲೇ ಅಳಿವೆಯ ಹೊರಗೆ ಲಂಗರು ಹಾಕಿ ನಿಲ್ಲಬೇಕು, ಮುಳ್ಳು ನಂಬಿ ಒಳಗೆ ಬರಬಾರದು ಎಂದು ಗಂಟಲು ಹರಿಯುವಂತೆ ಕೂಗಿದರು. ಒಂದೊಂದೇ ದೋಣಿ ಕೇಳಿಸಿತೆಂದು ಹೇಳಿತು. ಸಂಪಿಯದು ಹೇಳಲಿಲ್ಲ. ಅಷ್ಟರಲ್ಲಿ ಕಲಕು ಬಂದು ರೇಡಿಯೋ ಸತ್ತಿತು. ಆಮೇಲಿನ ಹೊತ್ತನ್ನು ಹೇಗೆ ಕಳೆದೆನೆಂದು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಅತ್ತೆ ಜ್ವರದ ಮೈಯಲ್ಲಿಯೇ ಎದ್ದು ಬಂದು ಜಗುಲಿಯಲ್ಲಿ ನನ್ನ ಕೈ ಹಿಡಿದು ಕೂತಿದ್ದಳು. ಮಧ್ಯಾಹ್ನ ಮಬ್ಬು ಹರಿದಾಗ ಅಳಿವೆಯ ಹೊರಗೆ ದೋಣಿಗಳು ಸಾಲಾಗಿ ನಿಂತಿರುವುದು ಕಂಡಿತು. ಸಂಪಿಯ ದೋಣಿಯೂ ಇತ್ತು. ಅವಳು ಕೇಳಿಸಿಕೊಂಡಿದ್ದಳು, ಉತ್ತರಿಸುವ ಮೊದಲೇ ರೇಡಿಯೋ ಹೋಗಿತ್ತು.

ಮರುದಿನ ಊರ ಸಭೆ ಸೇರಿತು. ಅತ್ತೆಯನ್ನು ಮತ್ತೆ ಕಟ್ಟೆಯ ಆಚೆಗೆ ಕಳಿಸಬೇಕೆಂದು ಹಲವರು ಹೇಳಿದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ಹೆದರಿಕೆ ಇತ್ತು. ಅವರ ಮಕ್ಕಳೂ ದೋಣಿಗಳಲ್ಲಿದ್ದರು. ಅತ್ತೆ ಆಗಲೇ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಿದ್ದಳು. "ಬಿಡಿ, ನಾನೇ ಹೋತೆ. ಯಾರ್ ಮಕ್ಳ ಜೀವಕ್ಕೂ ನಾ ಅಡ್ಡ ಬಪ್ದ್ ಬ್ಯಾಡ," ಎಂದಳು. ಆಗ ಎದ್ದು ನಿಂತವಳು ಸಂಪಿ, ಸತ್ತೇ ಹೋಗಬಹುದಾಗಿದ್ದವಳು. "ಅಜ್ಜಿ ಎಂತ ಮಾಡಿದ್ದಿಲ್ಲೆ. ನೀವ್ ಕೇಳ್ದೇ ಕಳ್ದದ್ದ್!" ಎಂದು ನಮ್ಮತ್ತ, ಸೂಜಿಮನೆಯವರತ್ತ ಬೆರಳು ಮಾಡಿದಳು. ಹೆರಿಯಣ್ಣ ಎಲ್ಲರ ಮುಂದೆ ಹೌದೆಂದು ತಲೆಯಾಡಿಸಿದರು. ಆವತ್ತು ಹೊಸ ನಿಯಮವಾಯಿತು. ಅತ್ತೆಯ ಪಾಲು ಪಡಿಸೂಜಿಯಲ್ಲಿ ಇರುವವರೆಗೆ ಪ್ರತಿ ತಿದ್ದಿನ ಮೊದಲೂ ಪಾಳಿಯಲ್ಲಿದ್ದವರು ಕಿಟಕಿಯಿಂದ ಕೂಗಿ ಕೇಳಬೇಕು, ಉತ್ತರಕ್ಕೆ ಕಾಯಬೇಕು, ಆಮೇಲೆಯೇ ಕಳೆಯುವುದೋ ಬಿಡುವುದೋ. ನಿಮ್ಮ ಕಾಲದಲ್ಲಿಯೂ ಕಾಂತವನ್ನು ಅಳೆಯುವವರಿದ್ದೀರಿ. ದೂರದಲ್ಲಿ ಹಾದುಹೋದ ರೈಲು, ಹೊಲದ ಟ್ರ್ಯಾಕ್ಟರು, ಯಾರೋ ಬಾಗಿಲ ಬಳಿ ಒರಗಿಸಿಟ್ಟ ಸೈಕಲ್ಲು, ಇವುಗಳ ಗುರುತನ್ನೆಲ್ಲ ನೀವೂ ಕಳೆದು ಚೊಕ್ಕ ಮಾಡುತ್ತೀರಿ. ಕಳೆಯಲೇಬೇಕು, ಬೇರೆ ದಾರಿಯಿಲ್ಲ. ದಯವಿಟ್ಟು ಯಾರದೆಂದು ಕೇಳಿ ಕಳೆಯಿರಿ.

ಆ ನಿಯಮದಡಿ ಅತ್ತೆ ಬಹಳ ವರ್ಷ ಬಾಳಿದಳು. ಗುಲಾಬತ್ತೇ, ನಡೀತಿದ್ದೀಯಾ ಎಂದು ನಾವು ದಿನಕ್ಕೆ ಎಷ್ಟು ಸಲ ಕೂಗಿದೆವೋ ಲೆಕ್ಕವಿಲ್ಲ. ಹೌದು, ಇಲ್ಲ ಎಂದಷ್ಟೇ ಹೇಳಿ ಮುಗಿಸಿದವಳಲ್ಲ ಅವಳು. ಮೀನಿನ ಮುಳ್ಳು, ಮೊಣಕಾಲಿನ ನೋವು, ಸಂಪಿಗೆ ಇನ್ನೂ ಕೂಡಿಬರದ ಮದುವೆ, ಎಲ್ಲವನ್ನೂ ಉತ್ತರದಲ್ಲಿ ಸೇರಿಸುತ್ತಿದ್ದಳು. ಕಡಲಲ್ಲಿ ದೋಣಿಗಳು ತಿದ್ದಿಗೆ ಕಾಯುತ್ತಿರುವಾಗ ನಾವು ಅವಳ ಮಾತು ಮುಗಿಯಲೆಂದು ಕಾಯುತ್ತಿದ್ದೆವು. ಹೊಸದಾಗಿ ಕೆಲಸಕ್ಕೆ ಸೇರಿದವರ ಊರು, ಊಟ, ನಿದ್ದೆ ವಿಚಾರಿಸಿಕೊಳ್ಳುವುದೂ ಅದೇ ಕಿಟಕಿಯಲ್ಲಿ ಆಗುತ್ತಿತ್ತು. ಕಳೆದ ತಿಂಗಳು ಒಂದು ಸಂಜೆ ಕೂಗಿದಾಗ ಉತ್ತರ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಲ್ಲೇ ಹೋಗಿಬಿಟ್ಟಿದ್ದಳು. ಬೂದಿಯ ಜೊತೆ ಸರಳನ್ನೂ ಕಡಲಿಗೇ ಬಿಟ್ಟೆವು.

ಪಾಲು ಇರುವವರೆಗೆ ಕೇಳಲೇಬೇಕು ಎಂಬುದು ನಿಯಮ, ಬೊಜ್ಜದವರೆಗೆ ಪಾಲನ್ನು ಮುಟ್ಟುವುದಿಲ್ಲ ಎಂಬುದು ನಮ್ಮ ಆಸೆ. ಹಾಗಾಗಿ ಇಷ್ಟು ದಿನವೂ ಪ್ರತಿ ತಿದ್ದಿನ ಮೊದಲು ನಾವು ಖಾಲಿ ಅಂಗಳಕ್ಕೆ ಮುಖ ಮಾಡಿ ಕೂಗಿದ್ದೇವೆ. ಸ್ವಲ್ಪ ಹೊತ್ತು ಕಾದು, ಅತ್ತೆ ನಡೆಯುತ್ತಿಲ್ಲ ಎಂದು ಪಡಿಸೂಜಿಗೆ ತಿಳಿಸಿ, ತಿದ್ದು ಹೇಳಿದ್ದೇವೆ. ಹೆರಿಯಣ್ಣನವರಿಗೆ ಈಗ ಕಿವಿ ಮಂದ. ಆದರೂ ನಾವು ಕೂಗಿದಾಗಲೆಲ್ಲ ಅವರು ಮನೆಯ ಬಾಗಿಲ ಕಡೆ ತಿರುಗುತ್ತಾರೆ. ನನಗೆ ಇದನ್ನು ನಿಲ್ಲಿಸಲು ಮನಸ್ಸಿಲ್ಲ, ಮುಂದುವರಿಸಲು ಶಕ್ತಿಯಿಲ್ಲ.

ಅವಳನ್ನು ನಿಮ್ಮ ಕಾಲಕ್ಕೆ ಕಳಿಸಿದ್ದು ಏಕೆಂದು ಈಗ ನಿಮಗೆ ಅರ್ಥವಾಗಿರಬಹುದು. ನಿಮ್ಮ ಭೂಮಿಯ ಕಾಂತ ಗಟ್ಟಿಯಾಗಿದೆ. ಒಬ್ಬ ಮುದುಕಿ ನಡೆದಳೆಂದು ನಿಮ್ಮ ದೋಣಿಗಳು ದಾರಿ ತಪ್ಪುವುದಿಲ್ಲ. ಅವಳು ಬಸ್ಸು ಹತ್ತಲಿ, ರೈಲಿನ ಸೇತುವೆಯ ಮೇಲೆ ನಿಂತು ಹೊಳೆ ನೋಡಲಿ, ಕಬ್ಬಿಣದ ಕಾವಲಿಯಲ್ಲಿ ಮೊದಲ ದೋಸೆಯೇ ಏಳುವುದನ್ನು ಕಂಡು ಬಾಯಿ ಮೇಲೆ ಕೈಯಿಡಲಿ. ಯಾವ ಚಿಪ್ಪಿನ ಸಾಲಿನೊಳಗೂ ಅವಳನ್ನು ನಡೆಸಬೇಡಿ.

ಈ ಓಲೆ ಮುಗಿಸಿ ನಾನು ಸೂಜಿಮನೆಯೊಳಗೆ ಹೋಗಿ ಅವಳ ಪಾಲನ್ನು ತೆಗೆದುಹಾಕುತ್ತೇನೆ. ನಾಳೆಯಿಂದ ಇಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಕೇಳಿಸಿಕೊಂಡು ರೂಢಿಯಾದವಳು. ಯಾರೂ ಕೇಳದಿದ್ದರೆ ತನ್ನನ್ನು ಮತ್ತೆ ಊರ ಹೊರಗೆ ಇಟ್ಟರೆಂದು ತಿಳಿದುಕೊಂಡಾಳು. ಅದಕ್ಕೇ ನಿಮ್ಮ ಕಾಲು ಹಿಡಿದು ಬೇಡುತ್ತೇನೆ. ಅವಳ ಉತ್ತರದಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ ಎಂದು ನನಗೆ ಗೊತ್ತು, ಆದರೂ ದಿನಕ್ಕೊಮ್ಮೆ ಯಾರಾದರೂ ಬಾಗಿಲಿಗೆ ಬಂದು, ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ, ನಡೆಯುತ್ತಿದ್ದೀಯಾ ಎಂದು ಕೂಗಿ. ಅವಳ ಉತ್ತರ ಉದ್ದ ಇರುತ್ತದೆ. ಮುಗಿಯುವವರೆಗೆ ನಿಂತು ಕೇಳಿ.

ಇಂತು,
ತಾರಿಣಿ
ಗುಲಾಬಿಯ ಅಣ್ಣನ ಮಗಳು